ಬಿಡಿಗಾಸಿನ ಬೇಟೆ

ಯಾವುದಕ್ಕಾದರೂ ಬೆಲೆ ಇಲ್ಲ ಎನ್ನಬೇಕಾದಾಗ ನಾವು ಕಾಸನ್ನೇ ಎಳೆದು ತರುತ್ತೇವೆ. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುತ್ತೇವೆ. 'ಮೂರು ಕಾಸಿಗೂ ಪ್ರಯೋಜನವಿಲ್ಲ' ಎಂದು ಬೈಯುತ್ತೇವೆ. ಆದರೆ ಕಾಸನ್ನು ಖರ್ಚು ಮಾಡುವವನ ಕಣ್ಣು ಬೇರೆ, ಕಾಸನ್ನು ತಿರುಗಿಸಿ ನೋಡುವವನ ಕಣ್ಣು ಬೇರೆ. ಒಂದು ದೇಶದ ಅತ್ಯಂತ ಕೀಳು ಬೆಲೆಯ ನಾಣ್ಯವನ್ನೇ ಲಕ್ಷಾಂತರ ಜನ ಒಂದು ಶತಮಾನದ ಕಾಲ ತಿರುಗಿಸಿ ನೋಡುತ್ತ ಕುಳಿತರೆ ಏನಾಗುತ್ತದೆ? ಅಮೆರಿಕದ ಒಂದು ಸೆಂಟ್ ನಾಣ್ಯದ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಕಥೆಯ ಕೊನೆಯಿಂದಲೇ ಆರಂಭಿಸೋಣ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಯ ಸೆಂಟ್ ತಯಾರಿಕೆಗೆ ವಿಧ್ಯುಕ್ತವಾಗಿ ತೆರೆ ಎಳೆಯಲಾಯಿತು. 1793ರಲ್ಲಿ ಅದೇ ಊರಿನಲ್ಲಿ ಆರಂಭವಾಗಿದ್ದ ಈ ನಾಣ್ಯದ ಆಯುಸ್ಸು 232 ವರ್ಷ. ಕಾರಣ ಸರಳ. 2024ರ ಹಣಕಾಸು ವರ್ಷದಲ್ಲಿ ಒಂದು ಸೆಂಟ್ ನಾಣ್ಯ ತಯಾರಿಸಲು ಸರ್ಕಾರಕ್ಕೆ ತಗುಲಿದ ವೆಚ್ಚ 3.69 ಸೆಂಟ್. ಆ ಒಂದೇ ವರ್ಷ ಈ ನಾಣ್ಯದಿಂದ ಆದ ನಷ್ಟ ಸುಮಾರು ಎಂಟೂವರೆ ಕೋಟಿ ಡಾಲರ್. ಹಸು ಕೊಂಡ ದುಡ್ಡಿಗಿಂತ ಹಗ್ಗದ ದುಡ್ಡು ಹೆಚ್ಚಾದರೆ ಯಾರು ತಾನೆ ಸಾಕುತ್ತಾರೆ?

ಲೆಕ್ಕಪತ್ರದ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ಈ ತೀರ್ಮಾನದೊಂದಿಗೆ ಒಂದು ಹವ್ಯಾಸದ ಬೇರು ಕೂಡ ಸಡಿಲವಾಯಿತು. ಅಮೆರಿಕನ್ನರು ಬಾಯಿಮಾತಿನಲ್ಲಿ 'ಪೆನ್ನಿ' ಎಂದು ಕರೆಯುವ ಈ ತಾಮ್ರವರ್ಣದ ನಾಣ್ಯವನ್ನು ವರ್ಷವಾರು ಜೋಡಿಸುವ ಹವ್ಯಾಸ ಅದು. ಬಡವರ ಮನೆಯ ಮಕ್ಕಳೂ ಆಡಬಹುದಾಗಿದ್ದ ಆಟ.

ಆಟದ ನಿಯಮ

ಆಟ ಹೀಗಿದೆ. ಅಂಗಡಿಯಲ್ಲಿ ನೀಲಿ ಬಣ್ಣದ ಒಂದು ದಪ್ಪ ರಟ್ಟಿನ ಪುಸ್ತಕ ಸಿಗುತ್ತದೆ. ಮೂರು ಮಡಿಕೆಯ ಈ ರಟ್ಟಿನ ತುಂಬ ಸೆಂಟ್ ನಾಣ್ಯ ಬಿಗಿಯಾಗಿ ಕೂರುವಷ್ಟು ಗಾತ್ರದ ದುಂಡು ಕುಳಿಗಳು. ಪ್ರತಿಯೊಂದು ಕುಳಿಯ ಕೆಳಗೆ ಒಂದು ಇಸವಿ, ಅದರ ಪಕ್ಕದಲ್ಲಿ ಕೆಲವೊಮ್ಮೆ ಒಂದು ಅಕ್ಷರ. 'ಡಿ' ಎಂದರೆ ಡೆನ್ವರ್ ಟಂಕಸಾಲೆ, 'ಎಸ್' ಎಂದರೆ ಸ್ಯಾನ್ ಫ್ರಾನ್ಸಿಸ್ಕೋ. ಅಕ್ಷರ ಇಲ್ಲದಿದ್ದರೆ ಫಿಲಡೆಲ್ಫಿಯಾ. ನಮ್ಮ ನಾಣ್ಯಗಳಲ್ಲೂ ಇಸವಿಯ ಕೆಳಗೆ ಇಂಥ ಗುರುತು ಇರುವುದನ್ನು ನೀವು ಗಮನಿಸಿರಬಹುದು. ಮುಂಬೈಗೆ ವಜ್ರದಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ದುಂಡು ಚುಕ್ಕೆ, ಕೋಲ್ಕತ್ತಕ್ಕೆ ಯಾವ ಗುರುತೂ ಇಲ್ಲ.

ಕುಳಿಗಳನ್ನು ತುಂಬಲು ನಾಣ್ಯ ಬೇಕಲ್ಲ? ಅದಕ್ಕೆ ಬ್ಯಾಂಕಿಗೆ ಹೋಗಬೇಕು. ಅಲ್ಲಿ 50 ಸೆಂಟ್ ನಾಣ್ಯಗಳನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಸುರುಳಿ ಅರ್ಧ ಡಾಲರಿಗೆ ಸಿಗುತ್ತಿತ್ತು. ಹುರುಪು ಹೆಚ್ಚಿದವರು 50 ಸುರುಳಿಗಳ ಪೆಟ್ಟಿಗೆಯನ್ನೇ ಕೊಳ್ಳುತ್ತಿದ್ದರು. ಅದರಲ್ಲಿ 2,500 ನಾಣ್ಯ, ಬೆಲೆ 25 ಡಾಲರ್. ಮನೆಯಲ್ಲಿ ಮೇಜಿನ ಮೇಲೆ ಸುರುಳಿ ಬಿಚ್ಚಿ, ಒಂದೊಂದನ್ನೇ ಬೆಳಕಿಗೆ ಹಿಡಿದು ಇಸವಿ ಓದಿ, ಬೇಕಾದದ್ದನ್ನು ಹೆಬ್ಬೆರಳಿನಿಂದ ಕುಳಿಯೊಳಗೆ ಒತ್ತಬೇಕು. ಬೇಡವಾದದ್ದನ್ನು ಮತ್ತೆ ಸುತ್ತಿ ಬ್ಯಾಂಕಿಗೆ ಮರಳಿಸಬೇಕು. ಅನುಭವಸ್ಥರು ಕೊಳ್ಳುವ ಬ್ಯಾಂಕಿಗೆ ಮರಳಿಸುವುದಿಲ್ಲ, ಬೇರೆ ಬ್ಯಾಂಕಿಗೆ ಕೊಡುತ್ತಾರೆ. ಇಲ್ಲದಿದ್ದರೆ ಒಮ್ಮೆ ಜಾಲಾಡಿದ ನಾಣ್ಯಗಳೇ ಮುಂದಿನ ವಾರ ಕೈಗೆ ಬರುತ್ತವೆ!

ಈ ಆಟದ ವೈಶಿಷ್ಟ್ಯ ಇಷ್ಟೆ: ಇದರಲ್ಲಿ ಸೋಲಿಲ್ಲ. ಏನೂ ಸಿಗದಿದ್ದರೂ ಅರ್ಧ ಡಾಲರ್ ಅರ್ಧ ಡಾಲರಾಗಿಯೇ ಉಳಿಯುತ್ತದೆ. ಲಾಟರಿ ಟಿಕೆಟಿನಂತೆ ಹರಿದು ಎಸೆಯಬೇಕಾಗಿಲ್ಲ.

ದೊಡ್ಡ ಸೆಂಟ್ ಹೋದಾಗ

ಸೆಂಟ್ ನಾಣ್ಯಕ್ಕೂ ಸಂಗ್ರಹದ ಹುಚ್ಚಿಗೂ ಇರುವ ನಂಟು ಇನ್ನೂ ಹಳೆಯದು. 1857ರವರೆಗೆ ಅಮೆರಿಕದ ಸೆಂಟ್ ಶುದ್ಧ ತಾಮ್ರದ ದೊಡ್ಡ ಬಿಲ್ಲೆಯಾಗಿತ್ತು. ತಾಮ್ರದ ಬೆಲೆ ಏರಿ ಅದನ್ನು ತಯಾರಿಸುವುದು ದುಬಾರಿಯಾಯಿತು. ಆ ವರ್ಷ ಸರ್ಕಾರ ಅರ್ಧ ಸೆಂಟನ್ನು ರದ್ದುಮಾಡಿ, ದೊಡ್ಡ ಸೆಂಟಿನ ಬದಲು ಹಾರುವ ಹದ್ದಿನ ಚಿತ್ರವಿದ್ದ ಚಿಕ್ಕ ಸೆಂಟನ್ನು ತಂದಿತು. ಮೇ 25ರಂದು ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯಲು ಫಿಲಡೆಲ್ಫಿಯಾ ಟಂಕಸಾಲೆಯ ಅಂಗಳದಲ್ಲಿ ಜನಜಂಗುಳಿ ನೆರೆಯಿತು.

ಕಣ್ಣೆದುರಿಗೆ ಇರುವವರೆಗೆ ಯಾರೂ ಲೆಕ್ಕಿಸದಿದ್ದ ದೊಡ್ಡ ಸೆಂಟ್, ಇನ್ನು ಸಿಗುವುದಿಲ್ಲ ಎಂದಾಗ ಬಾಲ್ಯದ ನೆನಪಾಗಿ ಕಂಡಿತು. ಇಸವಿಗೊಂದರಂತೆ ತೆಗೆದಿಡುವವರು ಹುಟ್ಟಿಕೊಂಡರು. ಮರುವರ್ಷವೇ, 1858ರಲ್ಲಿ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಸ್ಥಾಪನೆಯಾಯಿತು. ಅಮೆರಿಕದಲ್ಲಿ ನಾಣ್ಯ ಸಂಗ್ರಹ ಒಂದು ಜನಪ್ರಿಯ ಹವ್ಯಾಸವಾಗಿ ಬೇರೂರಿದ್ದು ಹೀಗೆ, ಒಂದು ಕೀಳು ಬೆಲೆಯ ನಾಣ್ಯದ ನಿವೃತ್ತಿಯಿಂದ.

ಆದರೆ ಅಂದಿನ ಸಂಗ್ರಾಹಕರು ನೋಡುತ್ತಿದ್ದದ್ದು ಇಸವಿಯನ್ನು ಮಾತ್ರ. ನಾಣ್ಯ ಯಾವ ಟಂಕಸಾಲೆಯದು ಎಂಬ ಗೊಡವೆ ಬಹುಮಂದಿಗೆ ಇರಲಿಲ್ಲ. 1893ರಲ್ಲಿ ಆಗಸ್ಟಸ್ ಹೀಟನ್ ಎಂಬ ಚಿತ್ರಕಾರ ಶಾಖಾ ಟಂಕಸಾಲೆಗಳ ಗುರುತುಗಳನ್ನು ಕುರಿತು ಒಂದು ಪುಸ್ತಿಕೆ ಬರೆದ ಮೇಲೆ ಆ ಚಿಕ್ಕ ಅಕ್ಷರಗಳ ಕಡೆಗೆ ಗಮನ ಹರಿಯತೊಡಗಿತು.

ನಾಣ್ಯದ ಮೇಲೆ ಲಿಂಕನ್

1909 ಅಬ್ರಹಾಂ ಲಿಂಕನ್ ಜನ್ಮಶತಾಬ್ದಿಯ ವರ್ಷ. ಅದುವರೆಗೆ ಅಮೆರಿಕದ ಚಲಾವಣೆಯ ನಾಣ್ಯಗಳಲ್ಲಿ ಸ್ವಾತಂತ್ರ್ಯದೇವಿಯ, ಹದ್ದಿನ ಚಿತ್ರಗಳಿದ್ದವೇ ಹೊರತು ಬದುಕಿ ಬಾಳಿದ ವ್ಯಕ್ತಿಯ ಮುಖ ಇರಲಿಲ್ಲ. ರಾಜರ ತಲೆ ನಾಣ್ಯದ ಮೇಲಿರುವುದು ರಾಜಪ್ರಭುತ್ವದ ಲಕ್ಷಣ, ಗಣರಾಜ್ಯಕ್ಕೆ ಅದು ಸಲ್ಲದು ಎಂಬ ಭಾವನೆ ಜಾರ್ಜ್ ವಾಷಿಂಗ್‌ಟನ್ನನ ಕಾಲದಿಂದ ಬಂದಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಸಕ್ತಿಯಿಂದ ಆ ಸಂಪ್ರದಾಯ ಮುರಿಯಿತು. ಲಿಥುವೇನಿಯಾದಿಂದ ವಲಸೆ ಬಂದಿದ್ದ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನರ್ ಲಿಂಕನ್ ಮುಖವನ್ನು ಒಂದು ಬದಿಗೂ, ಎರಡು ಗೋಧಿ ತೆನೆಗಳನ್ನು ಇನ್ನೊಂದು ಬದಿಗೂ ರೂಪಿಸಿದ. ಆಗಸ್ಟ್ 2ರಂದು ನಾಣ್ಯ ಬಿಡುಗಡೆಯಾಯಿತು.

ಹಿಂಬದಿಯ ಅಂಚಿನಲ್ಲಿ ಶಿಲ್ಪಿಯ ಹೆಸರಿನ ಮೊದಲಕ್ಷರಗಳಿದ್ದವು: ವಿ.ಡಿ.ಬಿ. ಅವು ಎದ್ದು ಕಾಣುವಂತಿವೆ ಎಂದು ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಕೆಲವೇ ದಿನಗಳಲ್ಲಿ ಸರ್ಕಾರ ಆ ಅಕ್ಷರಗಳನ್ನು ತೆಗೆಸಿಬಿಟ್ಟಿತು. ಅಷ್ಟರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು 2 ಕೋಟಿ 80 ಲಕ್ಷ ನಾಣ್ಯಗಳು ಅಚ್ಚಾಗಿದ್ದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದದ್ದು 4,84,000 ಮಾತ್ರ. ಮುಂದೆ ಇಡೀ ದೇಶದ ಮಕ್ಕಳು ಹುಡುಕಿ ಹುಡುಕಿ ಸೋತದ್ದು ಈ ನಾಣ್ಯಕ್ಕಾಗಿಯೇ. 1918ರಲ್ಲಿ ಬ್ರೆನರನ ಅಕ್ಷರಗಳು ಲಿಂಕನ್ ಭುಜದ ಅಂಚಿನಲ್ಲಿ, ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ಮರಳಿ ಬಂದವು.

ತೂತಿನ ರಟ್ಟು ಮಾಡಿದ ಕ್ರಾಂತಿ

1930ರ ದಶಕದ ಆರ್ಥಿಕ ಕುಸಿತದ ದಿನಗಳು. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಕುಳಿತವರಿಗೆ ಹೊತ್ತು ಹೋಗುವುದಿಲ್ಲ. ಆ ಹೊತ್ತಿನಲ್ಲಿ, 1934ರ ಸುಮಾರಿಗೆ, ವಿಸ್ಕಾನ್ಸಿನ್ ರಾಜ್ಯದ ನೀನಾ ಎಂಬ ಊರಿನ ಜೆ.ಕೆ. ಪೋಸ್ಟ್ ಎಂಬಾತ ರಟ್ಟಿನ ಹಲಗೆಯಲ್ಲಿ ಸೆಂಟ್ ಗಾತ್ರದ ತೂತುಗಳನ್ನು ಕೊರೆಸಿ, ಕೆಳಗೆ ಇಸವಿ ಅಚ್ಚು ಹಾಕಿಸಿ ಮಾರುವ ಉಪಾಯ ಹೂಡಿದ. ಅದೇ ರಾಜ್ಯದ ರಸೀನ್ ಊರಿನ ವಿಟ್‌ಮನ್ ಪ್ರಕಾಶನ ಆತನಿಗೆ ಹಲಗೆಗಳನ್ನು ತಯಾರಿಸಿ ಕೊಡುತ್ತಿತ್ತು. ಮಕ್ಕಳ ಪುಸ್ತಕ, ಆಟದ ಸಾಮಾನುಗಳ ವ್ಯಾಪಾರದಲ್ಲಿ ಪಳಗಿದ್ದ ಆ ಸಂಸ್ಥೆ ಬೇಗನೆ ಇಡೀ ವ್ಯವಹಾರವನ್ನು ತಾನೇ ಕೊಂಡಿತು. ರಿಚರ್ಡ್ ಯೋ ಎಂಬ ಉದ್ಯೋಗಿ ಅದರ ಹೊಣೆ ಹೊತ್ತ. ಆರ್.ಎಸ್. ಯೋಮನ್ ಎಂಬ ಹೆಸರಿನಲ್ಲಿ ಆತ ಸಿದ್ಧಪಡಿಸಿದ ನಾಣ್ಯ ಬೆಲೆಪಟ್ಟಿ 1946ರ ಕೊನೆಯಲ್ಲಿ ಹೊರಬಂತು. ಕೆಂಪು ರಟ್ಟಿನ ಆ 'ರೆಡ್ ಬುಕ್' ಇಂದಿಗೂ ವರ್ಷವರ್ಷ ಪರಿಷ್ಕಾರಗೊಂಡು ಪ್ರಕಟವಾಗುತ್ತಿದೆ. ಗೋಡೆಗೆ ತೂಗುಹಾಕುವಂತಿದ್ದ ಹಲಗೆ ಕ್ರಮೇಣ ಮಡಚುವ ನೀಲಿ ಪುಸ್ತಕವಾಯಿತು.

ತೂತು ಕೊರೆದ ರಟ್ಟಿನಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಹಲಗೆ ಬರುವ ಮೊದಲು ನಾಣ್ಯ ಸಂಗ್ರಹಿಸಬೇಕಾದರೆ ಓದು ಬೇಕಿತ್ತು, ಬೀರು ಬೇಕಿತ್ತು, ಹಣ ಬೇಕಿತ್ತು. ಹಲಗೆ ಬಂದ ಮೇಲೆ ಏನು ಹುಡುಕಬೇಕೆಂಬುದನ್ನು ಹಲಗೆಯೇ ಹೇಳಿಕೊಟ್ಟಿತು. ಎರಡನೆಯದಾಗಿ, ಖಾಲಿ ಕುಳಿ ಮನುಷ್ಯನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಹತ್ತು ನಾಣ್ಯ ಸಿಕ್ಕಿದ ಸಂತೋಷಕ್ಕಿಂತ ಸಿಗದ ಒಂದರ ಕೊರಗು ದೊಡ್ಡದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಲಗೆಯ ಮೇಲೆ ಎಲ್ಲ ಕುಳಿಗಳೂ ಸಮ. 1919ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದ ಸೆಂಟ್‌ಗಳ ಸಂಖ್ಯೆ 39 ಕೋಟಿಗೂ ಹೆಚ್ಚು. 1914ರಲ್ಲಿ ಡೆನ್ವರಿನಲ್ಲಿ ಅಚ್ಚಾದದ್ದು ಸುಮಾರು 12 ಲಕ್ಷ. ಎರಡಕ್ಕೂ ಒಂದೊಂದೇ ಕುಳಿ. ಹಲಗೆ ಎಷ್ಟು ಮನೆಗಳಲ್ಲಿದೆಯೋ ಅಷ್ಟು ಮಂದಿಗೆ ಆ 12 ಲಕ್ಷದಲ್ಲಿ ಒಂದು ಬೇಕೇ ಬೇಕು. ನಾಣ್ಯ ವಿರಳವಾಗಿದ್ದದ್ದು ಟಂಕಸಾಲೆಯಿಂದ. ಅದು ಅಮೂಲ್ಯವಾದದ್ದು ರಟ್ಟಿನಿಂದ.

ವಿಚಿತ್ರವೆಂದರೆ 1909ರ ಪ್ರಸಿದ್ಧ ನಾಣ್ಯವನ್ನು ಈ ರಟ್ಟಿನಲ್ಲಿ ಕೂರಿಸಿದರೆ ಅದಕ್ಕೆ ಬೆಲೆ ತಂದ ವಿ.ಡಿ.ಬಿ. ಅಕ್ಷರಗಳು ಕಾಣುವುದೇ ಇಲ್ಲ. ಅವು ಹಿಂಬದಿಯಲ್ಲಿವೆ, ರಟ್ಟಿಗೆ ಒಂದೇ ಮುಖ!

ಕಾಸು ಹೇಳಿದ ಇತಿಹಾಸ

ಕುಳಿ ತುಂಬುತ್ತ ಹೋದವರಿಗೆ ಗೊತ್ತಿಲ್ಲದೆಯೇ ದೇಶದ ಚರಿತ್ರೆಯ ಪಾಠವಾಗುತ್ತಿತ್ತು. 1922ರ ಸಾಲಿಗೆ ಬಂದರೆ ಡೆನ್ವರಿನ ನಾಣ್ಯ ಮಾತ್ರ ಇದೆ. ಆ ವರ್ಷ ಬೇರೆಲ್ಲೂ ಸೆಂಟ್ ಅಚ್ಚಾಗಲಿಲ್ಲ. ಸವೆದ ಅಚ್ಚುಗಳನ್ನೇ ಬಳಸಿದ್ದರಿಂದ ಕೆಲವು ನಾಣ್ಯಗಳಲ್ಲಿ 'ಡಿ' ಅಕ್ಷರವೇ ಮೂಡಲಿಲ್ಲ. ಕೆಲಸದ ಆ ಅಸಡ್ಡೆಗೆ ಇಂದು ಒಳ್ಳೆಯ ಬೆಲೆ ಇದೆ. 1931ಕ್ಕೆ ಬಂದರೆ ಆರ್ಥಿಕ ಕುಸಿತ ಕಾಣುತ್ತದೆ. ವ್ಯಾಪಾರವಿಲ್ಲದ ಮೇಲೆ ಚಿಲ್ಲರೆ ಯಾರಿಗೆ ಬೇಕು? ಸ್ಯಾನ್ ಫ್ರಾನ್ಸಿಸ್ಕೋ ಆ ವರ್ಷ ಅಚ್ಚೊತ್ತಿದ್ದು 8,66,000 ಸೆಂಟ್ ಮಾತ್ರ.

ಇಲ್ಲೊಂದು ಒಗಟಿದೆ. 1914ರ ಡೆನ್ವರ್ ನಾಣ್ಯಕ್ಕಿಂತ 1931ರ ಸ್ಯಾನ್ ಫ್ರಾನ್ಸಿಸ್ಕೋ ನಾಣ್ಯ ಸಂಖ್ಯೆಯಲ್ಲಿ ಕಡಿಮೆ. ಆದರೂ ಬೆಲೆ ಹೆಚ್ಚು 1914ರದಕ್ಕೇ. ಯಾಕೆ? 1931ರದು ವಿರಳವೆಂಬುದು ಆಗಲೇ ತಿಳಿದು, ಜನ ಹೊಸದಿರುವಾಗಲೇ ಎತ್ತಿಟ್ಟರು. 1914ರದನ್ನು ಯಾರೂ ಎತ್ತಿಡಲಿಲ್ಲ. ಅದು ಇಪ್ಪತ್ತು ವರ್ಷ ಸಂತೆ, ಅಂಗಡಿ, ಕಿಸೆ ಎಂದು ತಿರುಗಿ ಸವೆದುಹೋಯಿತು. ಯಾವುದು ಅಪರೂಪ ಎಂಬುದನ್ನು ಹುಟ್ಟಿದ ಸಂಖ್ಯೆಗಿಂತ ಉಳಿದ ಸಂಖ್ಯೆ ನಿರ್ಧರಿಸುತ್ತದೆ. ನಾಣ್ಯಗಳಿಗೆ ಮಾತ್ರವಲ್ಲ, ತಾಳೆಗರಿ, ಹಳೆಯ ಪತ್ರಿಕೆ, ಹಳೆಯ ಫೋಟೋಗಳಿಗೂ ಇದೇ ನ್ಯಾಯ.

1943ರ ಕುಳಿಗಳಲ್ಲಿ ಯುದ್ಧವಿದೆ. ತಾಮ್ರವೆಲ್ಲ ಮದ್ದುಗುಂಡುಗಳಿಗೆ ಬೇಕಾದ್ದರಿಂದ ಆ ವರ್ಷ ಸತು ಲೇಪಿಸಿದ ಉಕ್ಕಿನಲ್ಲಿ ಸೆಂಟ್ ತಯಾರಾಯಿತು. ನೂರು ಕೋಟಿಗೂ ಮೀರಿ ಅಚ್ಚಾದ ಈ ಬಿಳಿ ನಾಣ್ಯಗಳನ್ನು ಜನ ಹತ್ತು ಸೆಂಟ್ ಎಂದು ತಪ್ಪು ತಿಳಿದರು. ತುಕ್ಕು ಬೇರೆ ಹಿಡಿಯಿತು. ಮರುವರ್ಷ ತಾಮ್ರ ಮರಳಿತು. ಆದರೆ ಹಿಂದಿನ ವರ್ಷ ಉಳಿದಿದ್ದ ಕೆಲವೇ ಕೆಲವು ತಾಮ್ರದ ಬಿಲ್ಲೆಗಳ ಮೇಲೆ ಅಕಸ್ಮಾತ್ತಾಗಿ 1943ರ ಅಚ್ಚು ಬಿದ್ದಿತ್ತು. ಅಂಥ ನಾಣ್ಯ ತಂದವರಿಗೆ ಫೋರ್ಡ್ ಕಾರನ್ನೇ ಕೊಡುತ್ತಾರಂತೆ ಎಂಬ ಗಾಳಿಸುದ್ದಿ ದೇಶದ ತುಂಬ ಹಬ್ಬಿತು. ಅದು ಸುಳ್ಳಾಗಿತ್ತು. ಆದರೆ ನಾಣ್ಯ ಸುಳ್ಳಾಗಿರಲಿಲ್ಲ. 1947ರಲ್ಲಿ ಶಾಲೆಯ ಊಟದ ಮನೆಯ ಚಿಲ್ಲರೆಯಲ್ಲಿ ಒಬ್ಬ ಹುಡುಗನಿಗೆ ಅಂಥದ್ದೊಂದು ಸಿಕ್ಕಿತು. ಆತ ಅದನ್ನು ಜೀವನಪರ್ಯಂತ ಇಟ್ಟುಕೊಂಡ. 2019ರ ಹರಾಜಿನಲ್ಲಿ ಅದು 2,04,000 ಡಾಲರಿಗೆ ಹೋಯಿತು.

ಎಲ್ಲಿ ಬೆಲೆಯೋ ಅಲ್ಲಿ ಮೋಸ. ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟು ಮಾರುವವರು ಹುಟ್ಟಿಕೊಂಡರು. ಅವರನ್ನು ಹಿಡಿಯಲು ಒಂದು ಅಯಸ್ಕಾಂತ ಸಾಕು. 1944ರ ಡೆನ್ವರ್ ನಾಣ್ಯದ ಮೊದಲ 4ನ್ನು ಕೆತ್ತಿ 1914 ಮಾಡುವವರೂ ಇದ್ದರು. ಇದಕ್ಕೂ ಮದ್ದುಂಟು. ಬ್ರೆನರನ ಅಕ್ಷರಗಳು ಭುಜಕ್ಕೆ ಬಂದದ್ದು 1918ರಲ್ಲಿ. ಆದ್ದರಿಂದ 1914 ಎಂದು ಹೇಳಿಕೊಳ್ಳುವ ನಾಣ್ಯದ ಭುಜದ ಮೇಲೆ ವಿ.ಡಿ.ಬಿ. ಇದ್ದರೆ ಅದು ಖಂಡಿತ ನಕಲಿ. ಇತಿಹಾಸ ತಿಳಿದವನಿಗೆ ಟೋಪಿ ಹಾಕುವುದು ಕಷ್ಟ.

1955ರದು ಇನ್ನೂ ಸ್ವಾರಸ್ಯವಾದ ಪ್ರಸಂಗ. ಫಿಲಡೆಲ್ಫಿಯಾದಲ್ಲಿ ಒಂದು ಅಚ್ಚು ತಯಾರಾಗುವಾಗ ಎರಡನೆಯ ಒತ್ತು ಸ್ವಲ್ಪ ವಾರೆಯಾಗಿ ಬಿದ್ದು, ಇಸವಿಯೂ ಅಕ್ಷರಗಳೂ ಜೋಡಿಯಾಗಿ ಮೂಡಿದವು. ತಪ್ಪು ಗೊತ್ತಾಗುವ ಹೊತ್ತಿಗೆ ಆ ನಾಣ್ಯಗಳು ಸರಿಯಾದವುಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ಆರಿಸಿ ತೆಗೆಯುವ ಬದಲು ಹಾಗೆಯೇ ಹೊರಬಿಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಹೀಗೆ ಹೋದವು ಎಂಬುದು ಅಂದಾಜು. ಆಗ ಯಂತ್ರದಲ್ಲಿ ಸಿಗರೇಟು ಪ್ಯಾಕಿನ ಬೆಲೆ 23 ಸೆಂಟ್. ಯಂತ್ರಕ್ಕೆ 25 ಸೆಂಟಿನ ನಾಣ್ಯ ಹಾಕಿದರೆ ಉಳಿದ ಎರಡು ಸೆಂಟ್ ಪ್ಯಾಕಿನ ಹೊದಿಕೆಯಲ್ಲೇ ಇರುತ್ತಿತ್ತು. ಆ ಜೋಡಿ ಇಸವಿಯ ಎಷ್ಟೋ ನಾಣ್ಯಗಳು ಜನರ ಕೈ ಸೇರಿದ್ದು ಸಿಗರೇಟಿನ ಜೊತೆಗೆ.

ಹುಡುಕಾಟವೇ ಬರಿದು ಮಾಡಿತು

ಇಷ್ಟು ಮಂದಿ ಇಷ್ಟು ವರ್ಷ ಜಾಲಾಡಿದರೆ ಕೆರೆಯಲ್ಲಿ ಮೀನು ಉಳಿದೀತೆ? 1959ರಲ್ಲಿ ಗೋಧಿ ತೆನೆ ಹೋಗಿ ಲಿಂಕನ್ ಸ್ಮಾರಕದ ಚಿತ್ರ ಬಂತು. ತೆನೆಯ ನಾಣ್ಯಗಳನ್ನು ಕಂಡವರೆಲ್ಲ ಎತ್ತಿಡತೊಡಗಿದರು. 1960ರ ದಶಕದ ನಡುವೆ ದೇಶದಲ್ಲಿ ಚಿಲ್ಲರೆಯ ಬರ ಬಿದ್ದಾಗ ಸರ್ಕಾರ ಸಂಗ್ರಾಹಕರ ಮೇಲೂ ಬೊಟ್ಟು ಮಾಡಿತು. ಕೂಡಿಡುವ ಆಸೆಯೇ ಹುಟ್ಟದಿರಲಿ ಎಂದು 1965ರಿಂದ 1967ರವರೆಗಿನ ನಾಣ್ಯಗಳಲ್ಲಿ ಟಂಕಸಾಲೆಯ ಗುರುತನ್ನೇ ಕೈಬಿಟ್ಟಿತು. ಒಂದು ಹವ್ಯಾಸಕ್ಕೆ ಹೆದರಿ ಸರ್ಕಾರ ನಾಣ್ಯವನ್ನೇ ಬದಲಿಸಿದ ಉದಾಹರಣೆಗಳು ಹೆಚ್ಚಿಲ್ಲ.

1982ರಲ್ಲಿ ಇನ್ನೊಂದು ಗೆರೆ ಬಿತ್ತು. ತಾಮ್ರ ದುಬಾರಿಯಾಗಿ, ಸೆಂಟ್ ಒಳಗೆ ಸತು, ಹೊರಗೆ ತೆಳುವಾದ ತಾಮ್ರದ ಲೇಪವಾಯಿತು. ತೂಕ 3.11 ಗ್ರಾಮಿನಿಂದ ಎರಡೂವರೆ ಗ್ರಾಮಿಗೆ ಇಳಿಯಿತು. ಹಳೆಯ ಸೆಂಟಿನ ತಾಮ್ರದ ಬೆಲೆಯೇ ನಾಣ್ಯದ ಮುಖಬೆಲೆಯನ್ನು ಮೀರಿದಾಗ, 2006ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ಕರಗಿಸುವುದನ್ನು ನಿಷೇಧಿಸಿತು. ಅಂದಿನಿಂದ ಸುರುಳಿ ಬಿಚ್ಚುವವರಲ್ಲಿ ಎರಡು ಪಂಗಡ. ಒಬ್ಬರು ಇಸವಿ ನೋಡುವವರು, ಇನ್ನೊಬ್ಬರು ತೂಕ ನೋಡುವವರು. ಒಬ್ಬರಿಗೆ ಬೇಕಾದದ್ದು ಕುಳಿ ತುಂಬುವ ಒಂದು ನಾಣ್ಯ, ಇನ್ನೊಬ್ಬರಿಗೆ ಚೀಲ ತುಂಬುವ ತಾಮ್ರ. ನಾಣ್ಯ ಒಂದೇ, ಹುಡುಕಾಟ ಬೇರೆ ಬೇರೆ.

ಈಚಿನ ವರ್ಷಗಳಲ್ಲಿ 2,500 ನಾಣ್ಯಗಳ ಪೆಟ್ಟಿಗೆ ಬಿಚ್ಚಿದರೆ ತೆನೆಯ ಸೆಂಟ್ ಬೆರಳೆಣಿಕೆಯಷ್ಟು ಸಿಕ್ಕರೆ ಹೆಚ್ಚು. 1914ರ ಡೆನ್ವರ್, 1909ರ ವಿ.ಡಿ.ಬಿ. ಕುಳಿಗಳನ್ನು ಚಿಲ್ಲರೆಯಿಂದ ತುಂಬುವ ಆಸೆ ಇಟ್ಟುಕೊಂಡವರಿಲ್ಲ. ಅವುಗಳನ್ನು ಅಂಗಡಿಯಿಂದ ಕೊಳ್ಳಬೇಕು. ಆದರೆ 1959ರಿಂದ ಈಚಿನ ಪುಸ್ತಕವನ್ನು ಮುಖಬೆಲೆಯ ನಾಣ್ಯಗಳಿಂದಲೇ ತುಂಬಬಹುದು. ಆ ಸಾಲಿನಲ್ಲಿ 2009ರ ನಾಲ್ಕು ಚಿತ್ರಗಳಿವೆ, 2010ರ ಗುರಾಣಿ ಇದೆ, ಫಿಲಡೆಲ್ಫಿಯಾ ತನ್ನ 225ನೆಯ ವರ್ಷದ ನೆನಪಿಗೆ ಸೆಂಟಿನ ಮೇಲೆ ಮೊದಲ ಬಾರಿಗೆ 'ಪಿ' ಅಕ್ಷರ ಒತ್ತಿದ 2017ರ ನಾಣ್ಯವೂ ಇದೆ.

ಕೊನೆಯ ಕುಳಿ

ನಮ್ಮಲ್ಲಿ 2011ರ ಜೂನ್ 30ರಂದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ರದ್ದಾದವು. ಅವುಗಳಿಗೆ ಆಮೇಲೆ ಅಂಗಡಿಯಲ್ಲಿ ಬೆಲೆ ಇಲ್ಲ. 1957ರ ಕಂಚಿನ ನಯಾ ಪೈಸೆ, 1962ರ ಹಿತ್ತಾಳೆ ಬಣ್ಣದ ಪೈಸೆ, 1965ರ ಹಗುರ ಅಲ್ಯುಮಿನಿಯಂ ಪೈಸೆ, ಈ ಮೂರು ಲೋಹಗಳಲ್ಲಿ ನಮ್ಮ ದೇಶದ ಒಂದು ಕಾಲದ ಬೆಲೆಯೇರಿಕೆಯ ಚರಿತ್ರೆಯೇ ಇತ್ತು. ಅದು ಎಷ್ಟು ಮನೆಗಳಲ್ಲಿ ಉಳಿದಿದೆ?

ಅಮೆರಿಕದಲ್ಲಿ ಸೆಂಟ್ ತಯಾರಿಕೆ ನಿಂತಿದೆಯೇ ವಿನಾ ನಾಣ್ಯ ರದ್ದಾಗಿಲ್ಲ. ಸುಮಾರು 30,000 ಕೋಟಿ ಸೆಂಟ್‌ಗಳು ಚಲಾವಣೆಯಲ್ಲಿವೆ ಎಂಬುದು ಅಲ್ಲಿನ ಅಂದಾಜು. ಬಹುಪಾಲು ಡಬ್ಬಿಗಳಲ್ಲಿ, ಮೇಜಿನ ಖಾನೆಗಳಲ್ಲಿ ಮಲಗಿವೆ. ಇನ್ನು ಮುಂದೆ ಹೊಸದು ಬಂದು ಸೇರುವುದಿಲ್ಲ. ಇರುವುದು ಸವೆಯುತ್ತದೆ, ಕಳೆಯುತ್ತದೆ, ಬ್ಯಾಂಕುಗಳಲ್ಲಿ ಸುರುಳಿ ಸಿಗುವುದೂ ದಿನೇ ದಿನೇ ಕಷ್ಟವಾಗುತ್ತದೆ. ದೊಡ್ಡ ಸೆಂಟ್ ಹೋದ 1857ರಲ್ಲಿ ಏನಾಯಿತೋ ಅದೇ ಮತ್ತೆ ಆಗಬಹುದು. ಕಣ್ಣಿಗೆ ಕಾಣದಿದ್ದ ವಸ್ತು ಮರೆಯಾಗುವ ಹೊತ್ತಿಗೆ ಕಾಣಿಸಿಕೊಳ್ಳಬಹುದು.

ಆದರೆ ಒಂದು ವ್ಯತ್ಯಾಸವಿದೆ. ಚಿಲ್ಲರೆಯಲ್ಲಿ ಹುಡುಕಿ ತುಂಬುವ ಆಟಕ್ಕೆ ಜಾಣತನಕ್ಕಿಂತ ತಾಳ್ಮೆ, ಹಣಕ್ಕಿಂತ ಕಣ್ಣು ಮುಖ್ಯವಾಗಿತ್ತು. ಸಿರಿವಂತನ ಮಗನಿಗೂ ಕೂಲಿಕಾರನ ಮಗನಿಗೂ ಒಂದೇ ಸುರುಳಿ, ಒಂದೇ ಬೆಲೆ. ಕೊಂಡು ತುಂಬಬೇಕಾದಾಗ ಆ ಸಮಾನತೆ ಉಳಿಯುವುದಿಲ್ಲ. ನೀಲಿ ಪುಸ್ತಕದ ಕೊನೆಯ ಕುಳಿಯ ಕೆಳಗಿನ ಇಸವಿ ಇನ್ನು 2025. ಅದು ಸಾಮಾನ್ಯ ಜನರ ಕೈಚಿಲ್ಲರೆಯಲ್ಲಿ ಇನ್ನೂ ಕೆಲವು ಕಾಲ ಸಿಗುತ್ತಿರುತ್ತದೆ. ಹುಡುಕುವ ಮಕ್ಕಳಿಗೆ ಸಮಯವಿದೆ, ಆದರೆ ಬಹಳವಿಲ್ಲ.